ಕಂಪನಿ ತೋರಿಸುವ ಲಾಭ ನಿಜವೇ? ಆಂತರಿಕ ಹಣಕಾಸು ನಿಯಂತ್ರಣದ ಪರೀಕ್ಷೆ ನಡೆಯುವುದು ಹೀಗೆ

ಜುಲೈ, ಆಗಸ್ಟ್ ಬಂತೆಂದರೆ ಷೇರುದಾರರ ಇ-ಮೇಲ್‌ಗೆ ಕಂಪನಿಗಳ ವಾರ್ಷಿಕ ವರದಿಗಳು ಸಾಲಾಗಿ ಬಂದು ಬೀಳುತ್ತವೆ. ನೂರಾರು ಪುಟಗಳ ಪಿಡಿಎಫ್. ಲಾಭ ಎಷ್ಟು, ಡಿವಿಡೆಂಡ್ ಎಷ್ಟು ಎಂದು ನೋಡಿ ಹೆಚ್ಚಿನವರು ಅದನ್ನು ಮುಚ್ಚಿಬಿಡುತ್ತಾರೆ. ಆದರೆ ಆ ಲಾಭದ ಲೆಕ್ಕ ಹಾಕಿದ ವ್ಯವಸ್ಥೆ ಗಟ್ಟಿಯಾಗಿದೆಯೇ ಎಂಬುದಕ್ಕೆ ಉತ್ತರ ಅದೇ ವರದಿಯಲ್ಲಿದೆ. ಲೆಕ್ಕ ಪರಿಶೋಧಕರ ವರದಿಯ ಕೊನೆಗೆ ಸೇರಿಸಿರುವ ಒಂದೆರಡು ಪುಟಗಳ ಅನುಬಂಧ ಅದು. ವಿಷಯ: ಆಂತರಿಕ ಹಣಕಾಸು ನಿಯಂತ್ರಣ.

ಏನಿದು ಆಂತರಿಕ ನಿಯಂತ್ರಣ?

ಮುಂಬೈ, ಪುಣೆಯ ಹೌಸಿಂಗ್ ಸೊಸೈಟಿಗಳಲ್ಲಿ ಇರುವವರಿಗೆ ಇದು ಹೊಸದಲ್ಲ. ಸೊಸೈಟಿಯ ಚೆಕ್‌ಗೆ ಇಬ್ಬರು ಪದಾಧಿಕಾರಿಗಳ ಸಹಿ ಬೇಕು. ಒಬ್ಬರೇ ಬರೆದು ಒಬ್ಬರೇ ಹಣ ತೆಗೆಯುವಂತಿಲ್ಲ. ಇದೊಂದು ನಿಯಂತ್ರಣ. ದೊಡ್ಡ ಕಂಪನಿಯಲ್ಲಿ ಇಂಥವು ನೂರಾರು ಇರುತ್ತವೆ. ಖರೀದಿ ಆದೇಶ, ಗೋದಾಮಿಗೆ ಸರಕು ಬಂದ ರಸೀದಿ, ಪೂರೈಕೆದಾರರ ಬಿಲ್ ಈ ಮೂರೂ ತಾಳೆಯಾದರೆ ಮಾತ್ರ ಹಣ ಪಾವತಿ. ಹೊಸ ಪೂರೈಕೆದಾರರ ಹೆಸರನ್ನು ಕಂಪ್ಯೂಟರ್‌ಗೆ ಸೇರಿಸುವವರೇ ಅವರಿಗೆ ಹಣ ಕಳುಹಿಸುವಂತಿಲ್ಲ. ತಿಂಗಳ ಕೊನೆಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಕಂಪನಿಯ ಪುಸ್ತಕವನ್ನು ತಾಳೆ ನೋಡಬೇಕು.

ಅಮೆರಿಕದಲ್ಲಿ ಎನ್ರಾನ್, ವರ್ಲ್ಡ್‌ಕಾಮ್ ಹಗರಣಗಳ ಬಳಿಕ 2002ರಲ್ಲಿ ಬಂದ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆ ಈ ವ್ಯವಸ್ಥೆಯ ಮೌಲ್ಯಮಾಪನವನ್ನು ಕಡ್ಡಾಯ ಮಾಡಿತು. ಭಾರತದಲ್ಲಿ ಅದನ್ನು ತಂದದ್ದು 2013ರ ಕಂಪನಿ ಕಾಯ್ದೆ. ನಿಯಂತ್ರಣಗಳು ಸಾಕಷ್ಟಿವೆ, ಪರಿಣಾಮಕಾರಿಯಾಗಿ ನಡೆಯುತ್ತಿವೆ ಎಂದು ಷೇರುಪೇಟೆಯಲ್ಲಿರುವ ಕಂಪನಿಯ ನಿರ್ದೇಶಕರು 134(5)ನೇ ಸೆಕ್ಷನ್ ಅಡಿ ಹೇಳಬೇಕು. 143(3)ನೇ ಸೆಕ್ಷನ್ ಅಡಿ ಆಡಿಟರ್ ತಮ್ಮ ಅಭಿಪ್ರಾಯವನ್ನು ಪ್ರತ್ಯೇಕವಾಗಿ ಕೊಡಬೇಕು. 2015-16ರಿಂದ ಆಡಿಟರ್ ವರದಿ ಕಡ್ಡಾಯವಾಗಿದೆ.

ಪರೀಕ್ಷೆ ಹೇಗೆ?

ಎಲ್ಲವನ್ನೂ ಪರೀಕ್ಷಿಸಲು ಸಾಧ್ಯವಿಲ್ಲ, ಅಗತ್ಯವೂ ಇಲ್ಲ. ಆಡಿಟರ್ ಮೊದಲು ನೋಡುವುದು ಎಲ್ಲಿ ತಪ್ಪಾದರೆ ಇಡೀ ಲೆಕ್ಕವೇ ವಾಲಿಬಿಡುತ್ತದೆ ಎಂಬುದನ್ನು. ಸಾಫ್ಟ್‌ವೇರ್ ಕಂಪನಿಯಲ್ಲಿ ಅದು ಆದಾಯ ಮತ್ತು ಗ್ರಾಹಕರಿಂದ ಬರಬೇಕಾದ ಬಾಕಿ. ಸಿಮೆಂಟ್ ಕಂಪನಿಯಾದರೆ ದಾಸ್ತಾನು, ಯಂತ್ರೋಪಕರಣ. ನಂತರ ಒಂದು ವ್ಯವಹಾರವನ್ನು ಹಿಡಿದು ಆರಂಭದಿಂದ ಕೊನೆಯವರೆಗೆ ಹಿಂಬಾಲಿಸುತ್ತಾರೆ. ಆರ್ಡರ್ ಯಾರು ಕೊಟ್ಟರು, ಬಿಲ್ ಯಾರು ಮಾಡಿದರು, ಪುಸ್ತಕಕ್ಕೆ ಯಾರು ಏರಿಸಿದರು, ಹಣ ಯಾವ ಖಾತೆಗೆ ಬಂತು? ಇದಕ್ಕೆ ವಾಕ್‌ಥ್ರೂ ಎನ್ನುತ್ತಾರೆ.

ಆಮೇಲೆ ಎರಡು ಪ್ರಶ್ನೆಗಳು. ನಿಯಂತ್ರಣದ ವಿನ್ಯಾಸ ಸರಿ ಇದೆಯೇ? ಅದು ನಿಜಕ್ಕೂ ನಡೆಯುತ್ತಿದೆಯೇ?

10 ಲಕ್ಷ ರೂಪಾಯಿ ಮೀರಿದ ಪಾವತಿಗೆ ಸಿಎಫ್‌ಒ ಒಪ್ಪಿಗೆ ಬೇಕು ಎಂಬ ನಿಯಮ ಇದೆ ಎಂದುಕೊಳ್ಳಿ. 18 ಲಕ್ಷದ ಬಿಲ್ಲನ್ನು ಒಂಬತ್ತು ಲಕ್ಷದ ಎರಡು ಬಿಲ್ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದಾದರೆ ಅದು ವಿನ್ಯಾಸದ ದೋಷ. ನಿಯಮವೇನೋ ಬಿಗಿಯಾಗಿದೆ, ಆದರೆ ಸಿಎಫ್‌ಒ ಸಹಿ ಬಿದ್ದಿರುವುದು ಹಣ ಹೋದ ವಾರದ ನಂತರ ಎಂದಾದರೆ ಅದು ಪಾಲನೆಯ ದೋಷ. ಮೊದಲನೆಯದು ಕಾಗದ ಓದಿದರೆ ಸಿಗುತ್ತದೆ. ಎರಡನೆಯದು ಸಿಗುವುದು ಮಾದರಿಗಳನ್ನು ಎತ್ತಿ ನೋಡಿದಾಗ ಮಾತ್ರ. ದಿನಕ್ಕೆ ಹತ್ತಾರು ಬಾರಿ ನಡೆಯುವ ನಿಯಂತ್ರಣವಾದರೆ 25 ಅಥವಾ ಅದಕ್ಕಿಂತ ಹೆಚ್ಚು ಮಾದರಿ ನೋಡುವುದು ರೂಢಿ. ವರ್ಷಕ್ಕೊಮ್ಮೆ ನಡೆಯುವುದಾದರೆ ಒಂದೇ ಸಾಕು. ಸಹಿ ಇದೆಯೇ ಎಂದಷ್ಟೇ ನೋಡುವ ಪರೀಕ್ಷೆಯಿಂದ ಪ್ರಯೋಜನ ಕಡಿಮೆ. ಸಹಿ ಹಾಕಿದವರು ಏನು ನೋಡಿ ಹಾಕಿದರು, ಅವರ ಮುಂದಿದ್ದ ಎಕ್ಸೆಲ್ ಹಾಳೆಯ ಅಂಕಿ ಎಲ್ಲಿಂದ ಬಂತು ಎಂದು ಕೇಳಬೇಕು.

ದೋಷ ಸಿಕ್ಕಿದರೆ ಅದರ ತೂಕ ಅಳೆಯುವ ಕ್ರಮವೂ ಬೇರೆ. ಹಣ ಹೋಗಿದೆಯೇ, ಲೆಕ್ಕ ತಪ್ಪಿದೆಯೇ ಎಂಬುದಷ್ಟೇ ಮುಖ್ಯವಲ್ಲ. ಈ ದೋಷದಿಂದ ಎಷ್ಟು ದೊಡ್ಡ ತಪ್ಪು ನುಸುಳಬಹುದಿತ್ತು ಎಂಬುದು ಮುಖ್ಯ. ಷೇರುದಾರರ ತೀರ್ಮಾನವನ್ನೇ ಬದಲಿಸುವಷ್ಟು ದೊಡ್ಡ ತಪ್ಪು ಪತ್ತೆಯಾಗದೆ ಉಳಿಯುವ ಸಾಧ್ಯತೆ ಇದ್ದರೆ ಅದು ಮೆಟೀರಿಯಲ್ ವೀಕ್‌ನೆಸ್, ಅಂದರೆ ಗಂಭೀರ ದೌರ್ಬಲ್ಯ.

ಹಾಗಾಗಿಯೇ ಒಂದೇ ಕಂಪನಿಗೆ ಎರಡು ಬಗೆಯ ಅಭಿಪ್ರಾಯ ಬರಬಹುದು. ಲೆಕ್ಕಪತ್ರ ಸರಿ ಇದೆ, ನಿಯಂತ್ರಣ ಸರಿ ಇಲ್ಲ. ಬೀಗ ಕೆಟ್ಟ ಮನೆಯಲ್ಲಿ ಒಡವೆ ಎಣಿಸಿ ನೋಡಿದಾಗ ಎಲ್ಲವೂ ಇದ್ದಂತೆ. ಈ ವರ್ಷ ಕಳವಾಗಿಲ್ಲ, ಅಷ್ಟೇ.

ಸತ್ಯಂನಲ್ಲಿ ಆಗಿದ್ದೇನು?

ಈ ಪರೀಕ್ಷೆ ಸೋತದ್ದಕ್ಕೆ ಹೈದರಾಬಾದ್‌ನ ಸತ್ಯಂ ಕಂಪ್ಯೂಟರ್ ಸರ್ವಿಸಸ್‌ಗಿಂತ ದೊಡ್ಡ ಉದಾಹರಣೆ ಭಾರತದಲ್ಲಿ ಇಲ್ಲ. 2009ರ ಜನವರಿ 7ರಂದು ಅಧ್ಯಕ್ಷ ಬಿ. ರಾಮಲಿಂಗ ರಾಜು ಬರೆದ ಪತ್ರ ಹೊರಬಿತ್ತು. ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕ್ ಠೇವಣಿ ಎಂದು ತೋರಿಸಿದ್ದು 5,361 ಕೋಟಿ ರೂಪಾಯಿ. ಅದರಲ್ಲಿ 5,040 ಕೋಟಿ ಇರಲೇ ಇಲ್ಲ. ಆ ಒಂದೇ ದಿನ ಷೇರು ಬೆಲೆ ಮುಕ್ಕಾಲು ಪಾಲಿಗಿಂತ ಹೆಚ್ಚು ಕರಗಿತು.

ಗಮನಿಸಬೇಕಾದ್ದು ಇನ್ನೊಂದಿದೆ. ಸತ್ಯಂ ನ್ಯೂಯಾರ್ಕ್ ಷೇರುಪೇಟೆಯಲ್ಲೂ ಇದ್ದ ಕಂಪನಿ. ಅಂದರೆ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆ ಅದಕ್ಕೂ ಅನ್ವಯವಾಗುತ್ತಿತ್ತು. ಉತ್ತಮ ಆಡಳಿತಕ್ಕಾಗಿ 2008ರಲ್ಲಿ ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ ಸಿಕ್ಕಿತ್ತು, ಆಮೇಲೆ ಅದನ್ನು ಹಿಂಪಡೆಯಲಾಯಿತು.

ತನಿಖೆಯಲ್ಲಿ ಬಯಲಾದ ದಾರಿ ಹೀಗಿತ್ತು. ಬಿಲ್ ತಯಾರಿಸುವ ಸಾಫ್ಟ್‌ವೇರ್‌ನಲ್ಲಿ ಸೂಪರ್ ಯೂಸರ್ ಎಂಬ ವಿಶೇಷ ಲಾಗಿನ್ ಇತ್ತು. ಅದರ ಮೂಲಕ ಸೇರಿಸಿದ ಸಾವಿರಾರು ನಕಲಿ ಇನ್‌ವಾಯ್ಸ್‌ಗಳು ಆ ಗ್ರಾಹಕರನ್ನು ನೋಡಿಕೊಳ್ಳುವ ವಿಭಾಗದವರ ಕಣ್ಣಿಗೆ ಬೀಳುತ್ತಿರಲಿಲ್ಲ. ಆದರೆ ಆದಾಯದ ಲೆಕ್ಕಕ್ಕೆ ಸೇರುತ್ತಿದ್ದವು. ಹಣ ಬಂತೆಂದು ತೋರಿಸಲು ಬ್ಯಾಂಕ್ ಸ್ಟೇಟ್‌ಮೆಂಟ್‌ಗಳೂ ನಕಲಿ.

ಇಷ್ಟು ದೊಡ್ಡ ಸುಳ್ಳನ್ನು ಹಿಡಿಯಲು ದೊಡ್ಡ ತಂತ್ರವೇನೂ ಬೇಕಿರಲಿಲ್ಲ. ನಿಮ್ಮಲ್ಲಿ ಈ ಕಂಪನಿಯ ಠೇವಣಿ ಎಷ್ಟಿದೆ ಎಂದು ಆಡಿಟರ್ ನೇರವಾಗಿ ಬ್ಯಾಂಕಿಗೆ ಪತ್ರ ಬರೆದು, ಉತ್ತರವನ್ನು ನೇರವಾಗಿ ತಾವೇ ಪಡೆಯಬೇಕು. ಲೆಕ್ಕ ಪರಿಶೋಧನೆಯ ಮೊದಲ ಪಾಠಗಳಲ್ಲಿ ಒಂದು ಇದು. ಸತ್ಯಂನಲ್ಲಿ ಆ ಪತ್ರ ಕಳುಹಿಸುವುದು, ಉತ್ತರ ತರುವುದು ಎರಡನ್ನೂ ಕಂಪನಿಯವರ ಕೈಗೇ ಬಿಟ್ಟಿದ್ದರು ಎಂದು ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ ಹೇಳಿತು. 2011ರಲ್ಲಿ ಪ್ರೈಸ್ ವಾಟರ್‌ಹೌಸ್‌ನ ಭಾರತೀಯ ಸಂಸ್ಥೆಗಳು ಎಸ್‌ಇಸಿಗೆ 60 ಲಕ್ಷ ಡಾಲರ್ ದಂಡ ಕಟ್ಟಿದವು. 2015ರ ಏಪ್ರಿಲ್‌ನಲ್ಲಿ ಹೈದರಾಬಾದ್‌ನ ವಿಶೇಷ ನ್ಯಾಯಾಲಯ ರಾಜು ಸೇರಿ 10 ಮಂದಿಯನ್ನು ದೋಷಿಗಳೆಂದು ಘೋಷಿಸಿತು.

ನಿಯಂತ್ರಣ ರೂಪಿಸಿದವರೇ ಅದನ್ನು ದಾಟಲು ನಿಂತರೆ ಮಾದರಿ ಪರೀಕ್ಷೆ ಹೆಚ್ಚು ನೆರವಿಗೆ ಬರುವುದಿಲ್ಲ. ಅದಕ್ಕೇ ಈಗ ಕೈಯಾರೆ ಹಾಕಿದ ಜರ್ನಲ್ ನಮೂದುಗಳನ್ನು, ಅದರಲ್ಲೂ ತ್ರೈಮಾಸಿಕದ ಕೊನೆಯ ದಿನಗಳಲ್ಲಿ ಹಾಕಿದವನ್ನು, ಮತ್ತು ವಿಶೇಷ ಲಾಗಿನ್ ಯಾರ ಬಳಿ ಇದೆ ಎಂಬುದನ್ನು ಬೇರೆಯಾಗಿ ನೋಡುತ್ತಾರೆ. ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ಬದಲಾವಣೆಯ ಜಾಡು ಉಳಿಯಬೇಕು, ಅದನ್ನು ಆರಿಸಿಡುವಂತಿಲ್ಲ ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಮೋಸವೇ ಆಗಬೇಕೆಂದಿಲ್ಲ

2025ರ ಮಾರ್ಚ್ 10ರಂದು ಮುಂಬೈನ ಇಂಡಸ್‌ಇಂಡ್ ಬ್ಯಾಂಕ್ ತನ್ನ ಡಿರೈವೇಟಿವ್ ವ್ಯವಹಾರದ ಲೆಕ್ಕದಲ್ಲಿ ವ್ಯತ್ಯಾಸ ಕಂಡಿದೆ, ನಿವ್ವಳ ಮೌಲ್ಯದ ಶೇ 2.35ರಷ್ಟು ಪೆಟ್ಟು ಬೀಳಬಹುದು ಎಂದು ತಿಳಿಸಿತು. ಮರುದಿನ ಷೇರು ಸುಮಾರು ಶೇ 27 ಕುಸಿಯಿತು. ಕೊನೆಗೆ ಲೆಕ್ಕ ಬಂದು ನಿಂತದ್ದು ಸುಮಾರು 1,960 ಕೋಟಿ ರೂಪಾಯಿಗೆ. ಬ್ಯಾಂಕಿನೊಳಗಿನ ವ್ಯವಹಾರಗಳನ್ನು ಪುಸ್ತಕಕ್ಕೆ ಏರಿಸುವ ಕ್ರಮವೇ ಇಲ್ಲಿ ಕೈಕೊಟ್ಟಿತ್ತು. 2018ರ ಪಂಜಾಬ್ ನ್ಯಾಷನಲ್ ಬ್ಯಾಂಕ್ ಪ್ರಕರಣದಲ್ಲಿ ಸ್ವಿಫ್ಟ್ ಸಂದೇಶ ವ್ಯವಸ್ಥೆಗೂ ಕೋರ್ ಬ್ಯಾಂಕಿಂಗ್‌ಗೂ ಕೊಂಡಿಯೇ ಇರಲಿಲ್ಲ. ಒಂದರಲ್ಲಿ ಹೊರಟ ಖಾತರಿ ಪತ್ರ ಇನ್ನೊಂದರಲ್ಲಿ ಕಾಣಿಸುತ್ತಲೇ ಇರಲಿಲ್ಲ.

ಷೇರುದಾರರು ಎಲ್ಲಿ ನೋಡಬೇಕು?

ಆಡಿಟರ್ ವರದಿಯ ಅನುಬಂಧದಲ್ಲಿ ಒಪಿನಿಯನ್ ಎಂಬ ಶೀರ್ಷಿಕೆ ಹುಡುಕಿ. ಅದರ ಹಿಂದೆ ಕ್ವಾಲಿಫೈಡ್, ಅಡ್ವರ್ಸ್ ಅಥವಾ ಡಿಸ್‌ಕ್ಲೇಮರ್ ಎಂಬ ಪದವಿದ್ದರೆ ಮುಂದಿನ ಪ್ಯಾರಾವನ್ನು ಬಿಡದೆ ಓದಿ, ಏನು ಕೆಟ್ಟಿದೆ ಎಂದು ಅಲ್ಲೇ ಬರೆದಿರುತ್ತದೆ. ಅದೇ ವರದಿಯಲ್ಲಿ ನಿರ್ದೇಶಕರು ಎಲ್ಲ ಸರಿ ಇದೆ ಎಂದಿದ್ದರೆ ಎರಡನ್ನೂ ಹೋಲಿಸಿ. ಅಭಿಪ್ರಾಯ ಮಾರ್ಚ್ 31ರ ಸ್ಥಿತಿಗೆ ಮಾತ್ರ ಸೀಮಿತ ಎಂಬುದು ನೆನಪಿರಲಿ. ಅವಧಿಯ ನಡುವೆ ಆಡಿಟರ್ ರಾಜೀನಾಮೆ ಕೊಟ್ಟಿದ್ದರೆ, ಸಿಎಫ್‌ಒ ಮೇಲಿಂದ ಮೇಲೆ ಬದಲಾಗಿದ್ದರೆ ಅನುಬಂಧ ಎಷ್ಟೇ ಶುಭ್ರವಾಗಿದ್ದರೂ ಇನ್ನೊಮ್ಮೆ ನೋಡುವುದು ಒಳಿತು.

ಬೆಂಗಳೂರಿನ ಇನ್ಫೊಸಿಸ್, ವಿಪ್ರೊ ನ್ಯೂಯಾರ್ಕ್ ಷೇರುಪೇಟೆಯಲ್ಲೂ ಇರುವುದರಿಂದ ಅಮೆರಿಕಕ್ಕೂ ಪ್ರತ್ಯೇಕ ವರದಿ ಸಲ್ಲಿಸುತ್ತವೆ. ಫಾರ್ಮ್ 20-ಎಫ್ ಎಂಬ ಆ ವರದಿಯ 15ನೇ ಅಂಶವೇ ನಿಯಂತ್ರಣಗಳ ಕುರಿತದ್ದು. ಎಸ್‌ಇಸಿಯ ಎಡ್ಗರ್ ತಾಣದಲ್ಲಿ ಅದನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು.