ಪೈ ಲೆಕ್ಕದ ಹರಾಜು

2011ರ ಜೂನ್ ಕೊನೆ. ದಿವಾಳಿಯೆದ್ದ ಕೆನಡಾದ ನಾರ್ಟೆಲ್ ಕಂಪನಿಯ ಸುಮಾರು 6,000 ಪೇಟೆಂಟ್‌ಗಳು ಹರಾಜಿಗಿದ್ದವು. ಗೂಗಲ್ ಕೂಗಿದ ಒಂದು ಬೆಲೆ 3.14159 ಬಿಲಿಯನ್ ಡಾಲರ್ ಅಂತ ಆಮೇಲೆ ಸುದ್ದಿಯಾಯ್ತು. ಹೌದು ಸ್ವಾಮಿ, ನಾವು ಶಾಲೆಯಲ್ಲಿ ಉರು ಹೊಡೆದ ಅದೇ ಪೈ! ಕೊನೆಗೆ ಆಪಲ್, ಮೈಕ್ರೋಸಾಫ್ಟ್ ಇದ್ದ ಗುಂಪು 4.5 ಬಿಲಿಯನ್‌ಗೆ ಎಲ್ಲವನ್ನೂ ಬಾಚಿಕೊಂಡು ಹೋಯ್ತು.

ಆಗ ಗೂಗಲ್‌ನ ಪೇಟೆಂಟ್ ವಿಭಾಗದ ಮುಖ್ಯಸ್ಥೆ ಮಿಷೆಲ್ ಲೀ. ಎಂಐಟಿಯಲ್ಲಿ ಇಂಜಿನಿಯರಿಂಗ್ ಓದಿ, ಸ್ಟ್ಯಾನ್‌ಫರ್ಡ್‌ನಲ್ಲಿ ಕಾನೂನು ಕಲಿತವರು. ಇಂಜಿನಿಯರಿಂಗ್ ಮುಗಿಸಿ ಬೇರೆ ದಾರಿ ಹಿಡಿದವರಲ್ಲಿ ನಾನೂ ಒಬ್ಬ, ಆದರೆ ಹೋಲಿಕೆ ಅಲ್ಲಿಗೇ ಮುಗೀತು ಬಿಡಿ. 2012ರಲ್ಲಿ ಅವರು ಅಮೆರಿಕ ಸರ್ಕಾರದ ಪೇಟೆಂಟ್ ಕಚೇರಿ ಸೇರಿದರು. 2015ರಲ್ಲಿ ಅದರ ನಿರ್ದೇಶಕಿಯಾದರು, ಆ ಕುರ್ಚಿಯಲ್ಲಿ ಕೂತ ಮೊದಲ ಮಹಿಳೆ.

ಗೂಗಲ್ ಲಾಯರ್ ಕೈಗೇ ತಕ್ಕಡಿ ಕೊಟ್ಟರೆ ಹೇಗೆ? ಈ ಪ್ರಶ್ನೆಯನ್ನ ನಾನು ತಳ್ಳಿಹಾಕಲ್ಲ. 2011ರ ಹೊಸ ಕಾಯ್ದೆ ಒಂದು ವಿಚಾರಣಾ ಮಂಡಳಿ ಕೊಟ್ಟಿತ್ತು. ತಪ್ಪಾಗಿ ಕೊಟ್ಟ ಪೇಟೆಂಟನ್ನು ಕಚೇರಿಯಲ್ಲೇ ಪ್ರಶ್ನಿಸಬಹುದು. ಕೋರ್ಟಿನಲ್ಲಾದರೆ ವರ್ಷಗಟ್ಟಲೆ ಅಲೆದಾಟ, ಲಕ್ಷಾಂತರ ಡಾಲರ್ ಖರ್ಚು. ಇಲ್ಲಿ ಮೂವರು ನ್ಯಾಯಾಧೀಶರು, ಅರ್ಜಿ ಕೈಗೆತ್ತಿಕೊಂಡ ಮೇಲೆ ಸಾಮಾನ್ಯವಾಗಿ ಒಂದು ವರ್ಷದಲ್ಲಿ ತೀರ್ಮಾನ. ಏನನ್ನೂ ತಯಾರಿಸದೆ, ಬರೀ ಪೇಟೆಂಟ್ ಹಿಡಿದು ನೋಟಿಸ್ ಕಳಿಸೋರಿಗೆ ಇದು ಅಂಕುಶ ನಿಜ. ಆದರೆ ಬೆವರು ಸುರಿಸಿ ಪೇಟೆಂಟ್ ಪಡೆದ ಸಣ್ಣ ಸಂಶೋಧಕನೂ ಇದೇ ಕಟಕಟೆಗೆ ಬರಬೇಕಲ್ಲ? ಬೆಂಗಳೂರಿನ ಎಷ್ಟೋ ಇಂಜಿನಿಯರ್‌ಗಳ ಹೆಸರೂ ಅಮೆರಿಕದ ಪೇಟೆಂಟ್‌ಗಳ ಮೇಲಿದೆ, ನೆನಪಿರಲಿ.

ಜಗಳ ಸುಪ್ರೀಂ ಕೋರ್ಟ್ ಮುಟ್ಟಿತು. ಕಾರಿನಲ್ಲಿ ವೇಗಮಿತಿ ತೋರಿಸುವ ಸಾಧನದ ಪೇಟೆಂಟ್ ಕಳಕೊಂಡ ಕಂಪನಿ ಹೂಡಿದ ಮೊಕದ್ದಮೆ, ಹೆಸರು ಕ್ಯುವೋಝೊ ವಿರುದ್ಧ ಲೀ. ಪೇಟೆಂಟಿನ ಒಂದೊಂದು ಪದಕ್ಕೂ ಮಂಡಳಿ ಸಾಧ್ಯವಾದಷ್ಟು ವಿಶಾಲ ಅರ್ಥ ಹಚ್ಚುತ್ತಿತ್ತು. ಅರ್ಥ ಹಿಗ್ಗಿದಷ್ಟೂ ‘ಇದು ಮೊದಲೇ ಇತ್ತಲ್ಲ’ ಅನ್ನೋದು ಸುಲಭ, ಪೇಟೆಂಟ್ ಬೀಳೋದೂ ಸುಲಭ. 2016ರ ಜೂನ್‌ನಲ್ಲಿ ಕೋರ್ಟ್ ಕಚೇರಿಯ ಪರ ನಿಂತಿತು, ಈ ನಿಯಮ ಮಾಡೋ ಅಧಿಕಾರ ಕಚೇರಿಗಿದೆ ಅಂತು.

ಮರುವರ್ಷ ಲೀ ರಾಜೀನಾಮೆ ಕೊಟ್ಟರು. 2018ರಲ್ಲಿ ಬಂದ ಆಂಡ್ರೇ ಯಾಂಕು ಕೂಡ ಇಂಜಿನಿಯರ್, ಕೂಡ ಲಾಯರ್. ಆದರೆ ಪೇಟೆಂಟ್ ಒಡೆಯರಾದ ಟಿವೋ ಕಂಪನಿಯ ಪರ ವಾದಿಸಿದ್ದವರು. ಅವರು ಅದೇ ಅಧಿಕಾರ ಬಳಸಿ ವಿಶಾಲ ಅರ್ಥದ ನಿಯಮ ಕೈಬಿಟ್ಟು, ಕೋರ್ಟುಗಳ ಅಳತೆಗೋಲು ತಂದರು. 2018ರ ನವೆಂಬರ್ 13ರಿಂದ ಬಂದ ಅರ್ಜಿಗಳಿಗೆಲ್ಲ ಅದೇ ಜಾರಿ.