ತಡವಾಗಿ ಕಂಡ ಹೃತ್ಕರ್ಣ ಕಂಪನ: ಕಾರಣವೋ, ಕುರುಹೋ?

ಮಿದುಳಿನ ಒಂದು ಭಾಗಕ್ಕೆ ರಕ್ತದ ಹರಿವು ಕೆಲಹೊತ್ತು ತಡೆದು, ಕೈ ಸೋತು ಮಾತು ತೊದಲಿ, ಬಳಿಕ ಎಲ್ಲವೂ ಮೊದಲಿನಂತಾಗುವ ಸ್ಥಿತಿಯೇ ತಾತ್ಕಾಲಿಕ ಪಾರ್ಶ್ವವಾಯು, ಅಂದರೆ ಟಿಐಎ. ಹೃದಯದ ಮೇಲ್ಕೋಣೆಗಳು ಲಯ ತಪ್ಪಿ ಅದುರುವ ಹೃತ್ಕರ್ಣ ಕಂಪನದಲ್ಲಿ ರಕ್ತ ಮಡುಗಟ್ಟಿ ಹೆಪ್ಪಾಗುತ್ತದೆಂಬುದಾಗಲಿ, ಟಿಐಎ ಆದ ಇಂಥ ರೋಗಿಗಳಿಗೆ ಹೆಪ್ಪುರೋಧಕ ಔಷಧ ಬೇಕೆಂಬುದಾಗಲಿ 1993ರ ಯುರೋಪಿನ ಅಧ್ಯಯನದ ನಂತರ ವಿವಾದವಾಗಿ ಉಳಿದಿಲ್ಲ. ಕಂಪನದ ಪತ್ತೆಗೆ ಒಂದು ದಿನದ ಹೋಲ್ಟರ್ (ಮೈಮೇಲೆ ಧರಿಸುವ ಹೃದಯಲಯ ದಾಖಲೆ ಯಂತ್ರ) ಸಾಲದೆಂಬುದನ್ನು, ಕಾರಣ ತಿಳಿಯದ ಪಾರ್ಶ್ವವಾಯು ಅಥವಾ ಟಿಐಎ ಆದವರ ಮೇಲಿನ 2014ರ ಎರಡು ಅಧ್ಯಯನಗಳು ಸ್ಥಾಪಿಸಿವೆ. ಎಂಬ್ರೇಸ್‌ನಲ್ಲಿ 30 ದಿನಗಳ ನಿಗಾ ಶೇ. 16.1ರಷ್ಟು ಮಂದಿಯಲ್ಲಿ ಕಂಪನವನ್ನು ಹಿಡಿದರೆ 24 ಗಂಟೆಯ ಹೋಲ್ಟರ್ ಹಿಡಿದದ್ದು ಶೇ. 3.2ರಲ್ಲಿ ಮಾತ್ರ, ಕ್ರಿಸ್ಟಲ್ ಎಎಫ್‌ನಲ್ಲಿ ಎದೆಯ ಚರ್ಮದಡಿ ಕೂರಿಸಿದ ಪುಟ್ಟ ಯಂತ್ರ ಮೂರು ವರ್ಷಗಳಲ್ಲಿ ಶೇ. 30ರಲ್ಲಿ ಕಂಡಿತು.

ಕಂಪನ ಸಿಕ್ಕಿತು, ಆದ್ದರಿಂದ ಟಿಐಎಯ ಕಾರಣವೂ ಸಿಕ್ಕಿತು ಎಂದು ಈ ಅಂಕಿಗಳನ್ನು ಓದುವ ರೂಢಿಯೇ ಇಲ್ಲಿನ ಆಕ್ಷೇಪಕ್ಕೆ ಗುರಿ. 2021ರಲ್ಲಿ ಪ್ರಕಟವಾದ ಡೆನ್ಮಾರ್ಕ್‌ನ ಲೂಪ್ ಅಧ್ಯಯನದಲ್ಲಿ 70 ದಾಟಿದ, ಬಹುಪಾಲು ಹಿಂದೆಂದೂ ಪಾರ್ಶ್ವವಾಯು ಆಗಿರದ ಜನರಲ್ಲಿ ಅಂಥದೇ ಯಂತ್ರ ಶೇ. 31.8ರಷ್ಟು ಮಂದಿಯಲ್ಲಿ ಕಂಪನವನ್ನು ದಾಖಲಿಸಿತು. ವಯಸ್ಸು, ನಿಗಾದ ಅವಧಿ, ಕಂಪನವೆಂದು ಎಣಿಸುವ ಕನಿಷ್ಠ ಕಾಲ (ಕ್ರಿಸ್ಟಲ್ ಎಎಫ್‌ನಲ್ಲಿ 30 ಸೆಕೆಂಡು, ಲೂಪ್‌ನಲ್ಲಿ 6 ನಿಮಿಷ) ಬೇರೆಬೇರೆಯಾದ್ದರಿಂದ ಎರಡು ಅಂಕಿಗಳನ್ನು ನೇರವಾಗಿ ತಕ್ಕಡಿಗೆ ಹಾಕುವಂತಿಲ್ಲ; ಆದರೂ ಹುಡುಕಿದಷ್ಟೂ ಸಿಗುವ ವಸ್ತು ಸಿಕ್ಕಿತೆಂಬುದು ತಾನಾಗಿ ಸಾಕ್ಷ್ಯವಾಗದು. ಪೇಸ್‌ಮೇಕರ್ ಮೊದಲಾದ ಯಂತ್ರ ಹೊತ್ತವರ ಅಸರ್ಟ್ ಅಧ್ಯಯನದಲ್ಲಿ ಪಾರ್ಶ್ವವಾಯು ಇಲ್ಲವೇ ಅಂಥ ಹೆಪ್ಪಿನ ಅವಘಡಕ್ಕೆ ಒಳಗಾದ 51 ಮಂದಿಯಲ್ಲಿ, ಅದಕ್ಕೆ ಹಿಂದಿನ 30 ದಿನಗಳಲ್ಲಿ ಕಂಪನ ಕಂಡದ್ದು ನಾಲ್ವರಲ್ಲಷ್ಟೇ. ಸಂಖ್ಯೆ ಸಣ್ಣದು, ಅವರು ಟಿಐಎಗಾಗಿ ಆಯ್ದ ರೋಗಿಗಳೂ ಅಲ್ಲ. ಈ ಮಿತಿಗಳೊಳಗೆ, ತಿಂಗಳುಗಳ ನಂತರ ಕಂಡ ಕಿರುಕಂಪನವನ್ನು ಹಳೆಯ ಟಿಐಎಯ ಕಾರಣವೆನ್ನುವುದಕ್ಕಿಂತ ರೋಗಗ್ರಸ್ತ ಹೃತ್ಕರ್ಣದ ಕುರುಹೆನ್ನುವುದು ಬಹುಶಃ ಹೆಚ್ಚು ಯುಕ್ತ. ಟಿಐಎಗೆ ಇನ್ನೊಂದು ಕಾರಣವಾಗಬಲ್ಲ ಕುತ್ತಿಗೆಯ ರಕ್ತನಾಳದ ಶೋಧನೆಯನ್ನು ಕಂಪನ ಸಿಕ್ಕಿತೆಂಬ ನೆಪದಲ್ಲಿ ಕೈಬಿಡುವುದಂತೂ ಸಲ್ಲದು.

ಇದರಿಂದ ಹೆಪ್ಪುರೋಧಕ ಔಷಧ ವ್ಯರ್ಥವೆಂದಾಗುವುದಿಲ್ಲ. ಆರ್ಟೀಸಿಯಾ ಅಧ್ಯಯನದಲ್ಲಿ 6 ನಿಮಿಷದಿಂದ 24 ಗಂಟೆಯವರೆಗಿನ ಕಂಪನವಿದ್ದು, ಹಿಂದೆ ಪಾರ್ಶ್ವವಾಯು ಅಥವಾ ಟಿಐಎ ಆಗಿದ್ದವರಲ್ಲಿ, ಆಸ್ಪಿರಿನ್ ಪಡೆದವರಿಗೆ ವರ್ಷಕ್ಕೆ ಶೇ. 3.14ರಷ್ಟಿದ್ದ ಪಾರ್ಶ್ವವಾಯು ಇಲ್ಲವೇ ಅಂಥ ಹೆಪ್ಪಿನ ಅವಘಡದ ಪ್ರಮಾಣ ಹೆಪ್ಪುರೋಧಕ ಎಪಿಕ್ಸಾಬಾನ್ ಪಡೆದವರಲ್ಲಿ ಶೇ. 1.20 ಆಗಿತ್ತು. ಹಿಂದಿನದಕ್ಕೆ ಕಾರಣ ಯಾವುದೆಂಬ ಪ್ರಶ್ನೆಗೂ ಮುಂದಿನದನ್ನು ತಡೆಯುವುದೆಂತೆಂಬ ಪ್ರಶ್ನೆಗೂ ಉತ್ತರ ಒಂದೇ ಆಗಬೇಕಿಲ್ಲ. ಆದರೆ 30 ಸೆಕೆಂಡಿಗೂ 6 ನಿಮಿಷಕ್ಕೂ ನಡುವೆ ಬೀಳುವ ಕಂಪನಕ್ಕೆ, ರಕ್ತಸ್ರಾವದ ಅಪಾಯವನ್ನು ಹೊತ್ತು ಔಷಧ ಆರಂಭಿಸಬೇಕೇ ಎಂಬುದನ್ನು ಆರ್ಟೀಸಿಯಾದ ಅಂಕಿಗಳು ಹೇಳಲಾರವು.