ಠಸ್ಸೆ ಹೇಳುವ ದ್ವೀಪಗಳ ಕಥೆ



ಕುಮಟಾ ತಾಲೂಕಿನ ಕಾಗಾಲ ಗ್ರಾಮವಿರುವುದು ಅಘನಾಶಿನಿ ನದಿ ಕಡಲು ಸೇರುವಲ್ಲಿ. ಅಲ್ಲಿಂದ ಹೊರಡುವ ಕಾಗದಕ್ಕೂ, ದೂರದ ಲಕ್ಷದ್ವೀಪದಿಂದ ಹೊರಡುವ ಕಾಗದಕ್ಕೂ ಹಚ್ಚುವುದು ಒಂದೇ ಭಾರತೀಯ ಅಂಚೆಚೀಟಿ. ಹಾಗಾದರೆ ದ್ವೀಪದ ಕಾಗದವನ್ನು ಗುರುತಿಸುವುದು ಹೇಗೆ? ಚೀಟಿಯ ಮೇಲೆ ಒತ್ತಿದ ಠಸ್ಸೆಯಿಂದ. ಅಂಚೆ ಕಚೇರಿಯ ಹೆಸರೂ ತಾರೀಖೂ ಇರುವುದು ಅದರಲ್ಲೇ. ನೀವು ಚೀಟಿಯನ್ನು ನೀರಿನಲ್ಲಿ ನೆನೆಸಿ ಬಿಡಿಸಿಕೊಂಡರೆ ಠಸ್ಸೆಯ ಅರ್ಧ ಲಕೋಟೆಯಲ್ಲೇ ಉಳಿಯುತ್ತದೆ. ಲಕೋಟೆ ಎಸೆದರೆ ದ್ವೀಪವನ್ನೇ ಎಸೆದಂತೆ!

ಒಂದು ಪ್ರಸಿದ್ಧ ಉದಾಹರಣೆ ನೋಡಿ. 1847ರಲ್ಲಿ ಮಾರಿಷಸ್ ದ್ವೀಪವು ಒಂದು ಪೆನ್ನಿ ಮತ್ತು ಎರಡು ಪೆನ್ನಿಯ ಚೀಟಿಗಳನ್ನು ತಲಾ 500ರಂತೆ ಮುದ್ರಿಸಿತು. ಒಂದು ಪೆನ್ನಿಯ ಎರಡು ಚೀಟಿಗಳನ್ನು ಹಚ್ಚಿದ ಕಾಗದವೊಂದು 1850ರ ಜನವರಿಯಲ್ಲಿ ಅಲ್ಲಿಂದ ಮುಂಬಯಿಯ ಬೈಬಲ್ ಸಂಘದ ಕಾರ್ಯದರ್ಶಿಯ ವಿಳಾಸಕ್ಕೆ ಹೊರಟಿತು. 1897ರಲ್ಲಿ ಅದು ಭಾರತದ ಬಜಾರೊಂದರಲ್ಲಿ ಸಿಕ್ಕಿತು. 1968ರ ಹರಾಜಿನಲ್ಲಿ ಅದರ ಬೆಲೆ 3,80,000 ಡಾಲರ್! ಚೀಟಿ, ಠಸ್ಸೆ, ವಿಳಾಸ ಮೂರೂ ಒಟ್ಟಿಗೆ ಉಳಿದದ್ದರಿಂದಲೇ ಆ ಕಾಗದದ ಪ್ರಯಾಣ ಇಂದಿಗೂ ನಮಗೆ ತಿಳಿಯುತ್ತದೆ.

ನಮ್ಮ ಕರಾವಳಿಗೂ ದ್ವೀಪಗಳಿಗೂ ಹಳೆಯ ನಂಟು. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಅವುಗಳ ಆಡಳಿತ ಮಂಗಳೂರಿನಿಂದಲೇ ನಡೆಯುತ್ತಿತ್ತು. ಆ ವರ್ಷದ ನವೆಂಬರ್ 1ರಂದು ಅವು ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ಆ ಪ್ರದೇಶಕ್ಕೆ ‘ಲಕ್ಷದ್ವೀಪ’ ಎಂಬ ಹೆಸರು ಬಂದದ್ದು 1973ರಲ್ಲಿ. ಈಗ ಅಲ್ಲಿನ ಪಿನ್ ಕೋಡ್ ಕೊಚ್ಚಿಯಂತೆ 682ರಿಂದ ಆರಂಭವಾಗುತ್ತದೆ. ಅಂದರೆ ಮಂಗಳೂರಿನ ನಂಟು ಕೊಚ್ಚಿಗೆ ಹೊರಳಿದ್ದನ್ನು ಲಕೋಟೆಯ ಮೇಲಿನ ಅಂಕಿಗಳೇ ಹೇಳುತ್ತವೆ. ಅಂಡಮಾನಿನ ಪಿನ್ 744. ಮೊದಲ ಅಂಕಿ 7, ಪಶ್ಚಿಮ ಬಂಗಾಳದ್ದೂ ಅದೇ. 2024ರಲ್ಲಿ ಪೋರ್ಟ್ ಬ್ಲೇರ್‌ಗೆ ಶ್ರೀ ವಿಜಯಪುರಂ ಎಂದು ಮರುನಾಮಕರಣವಾಯಿತು. ಹಳೆಯ ಹೆಸರಿನ ಠಸ್ಸೆ ಬಿದ್ದ ಲಕೋಟೆ ನಿಮ್ಮ ಮನೆಯಲ್ಲಿದ್ದರೆ ಅದು ಈಗ ಇತಿಹಾಸದ ದಾಖಲೆ.

ಈ ಹವ್ಯಾಸಕ್ಕೆ ಹೆಚ್ಚು ಹಣ ಬೇಕಿಲ್ಲ. ನಿಮ್ಮದೇ ವಿಳಾಸ ಬರೆದು, ಚೀಟಿ ಹಚ್ಚಿದ ಲಕೋಟೆಯನ್ನು ಇನ್ನೊಂದು ಲಕೋಟೆಯೊಳಗಿಟ್ಟು ಕವರತ್ತಿಯ ಪೋಸ್ಟ್ ಮಾಸ್ತರರಿಗೆ ಕಳಿಸಿ. ಠಸ್ಸೆಯನ್ನು ಸ್ಪಷ್ಟವಾಗಿ ಒತ್ತಿ ಅಂಚೆಗೆ ಹಾಕುವಂತೆ ವಿನಯದಿಂದ ಕೋರಿ ಎರಡು ಸಾಲು ಬರೆಯಿರಿ. ವಿದೇಶದ ದ್ವೀಪಗಳಿಗೆ ಬರೆಯುವುದಾದರೆ ಮರಳಿ ಬರುವ ಲಕೋಟೆಗೆ ಆ ನಾಡಿನದೇ ಚೀಟಿ ಬೇಕು ಎಂಬುದು ನೆನಪಿರಲಿ.

ಕರಾವಳಿಯ ಮಳೆಗಾಲದಲ್ಲಿ ಅಂಟು ತೇವ ಹೀರುತ್ತದೆ, ಕಾಗದಕ್ಕೆ ಬೂಸ್ಟು ಹಿಡಿಯುತ್ತದೆ. ಆದ್ದರಿಂದ ಲಕೋಟೆಗಳನ್ನು ಒಣ ಡಬ್ಬಿಯಲ್ಲಿಡಿ. ತಲುಪಿದ ದಿನವನ್ನು ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ಹಡಗಿನಲ್ಲೋ ನೌಕಾಪಡೆಯಲ್ಲೋ ದುಡಿದ ಬಂಧುಗಳಿದ್ದರೆ ಅವರ ಹಳೆಯ ಕಾಗದಗಳನ್ನು ಕೇಳಿ ನೋಡಿ. ಕಾಗದ ಬರೆಯುವವರೇ ಕಡಿಮೆಯಾಗಿರುವ ಈ ಕಾಲದಲ್ಲಿ, ಅವು ರದ್ದಿಗೆ ಹೋಗುವ ಮುನ್ನ ಕೇಳುವುದು ಒಳ್ಳೆಯದು.